ಮೊದಲು ಹತ್ತಿದ ಚೀಲ

"ಇನ್ನೊಂದ್ ಹಾಕ್ರಿ."

ಆ ದನಿ ಕಿವಿಗೆ ಬಿದ್ದದ್ದೇ ತಡ, ರೋಣ ಠಾಣೆಯ ಎಎಸ್‌ಐ ಅಡಿವೆವ್ವ ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ, ತೋಳು ಏರಿಸಿಕೊಂಡು, ಬಿಸಿ ರೊಟ್ಟಿಗೆ ತಾಟು ಒಡ್ಡಿ ಕೂತವಳು ಮಿಲ್ಡಾ!

ಲಿಥುವೇನಿಯಾ ಎಂಬ ದೇಶದಿಂದ ಒಂದು ವರ್ಷದ ಮಟ್ಟಿಗೆ ಓದಲು ಬಂದು ನರಗುಂದದ ಮೌಲಾಸಾಬನ ಮನೆಯಲ್ಲಿ ಮಗಳಂತಿದ್ದ ಹುಡುಗಿ, ನಿನ್ನೆ ಸಂಜೆ ರೋಣದ ಬಸ್ ಸ್ಟ್ಯಾಂಡಿನಿಂದ ಕಾಣೆಯಾಗಿದ್ದಳು. ಪೊಲೀಸರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಜೇಂದ್ರಗಡದ ಓಣಿ ಓಣಿ ಜಾಲಾಡುತ್ತಿದ್ದರೆ ಈ ಮಹಾತಾಯಿ ಸವಡಿಯ ನೀಲವ್ವನ ಮನೆಯಲ್ಲಿ ಬದನೆಕಾಯಿ ಪಲ್ಯದ ರುಚಿ ನೋಡುತ್ತಿದ್ದಳು.

ಅಡಿವೆವ್ವನಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಕಣ್ಣು ತುಂಬಿ ಬಂದವು. ದಾರಿಯುದ್ದಕ್ಕೂ ಜೀಪಿನಿಂದ ಒಂದೊಂದು ಬಾವಿ ಕಂಡಾಗಲೂ ಆಕೆಯ ಜೀವ ಝಲ್ಲೆಂದಿತ್ತು. ಈಗ ಹೋದ ಜೀವ ಬಂದಂತಾಯಿತು. ಕರವಸ್ತ್ರ ಹುಡುಕಿದಳು, ಸಿಗಲಿಲ್ಲ, ತೋಳಿನಿಂದಲೇ ಮುಖ ಒರೆಸಿಕೊಂಡಳು.

"ನಮಸ್ಕಾರ್ರಿ ಪೊಲೀಸ್ರಿ," ಅಂದಳು ಮಿಲ್ಡಾ. ಮೌಲಾಸಾಬನ ಹೆಂಡತಿ ಲಾಲಬಿ ಆಕೆಗೆ ಕಲಿಸಿದ ಮೊದಲ ಪಾಠವೇ ದೊಡ್ಡವರಿಗೆ 'ರಿ' ಹಚ್ಚಬೇಕು ಎಂಬುದು. ದೊಡ್ಡವರು ಯಾರು, ಸಣ್ಣವರು ಯಾರು ಎಂಬ ತಂಟೆಯೇ ಬೇಡವೆಂದು ಹುಡುಗಿ ನಾಯಿ, ನಲ್ಲಿ, ಬಕೀಟು ಎಲ್ಲಕ್ಕೂ ರಿ ಹಚ್ಚುತ್ತಿದ್ದಳು.

"ನಮಸ್ಕಾರವ್ವ ನಮಸ್ಕಾರ," ಎಂದು ಅಡಿವೆವ್ವ ಅಲ್ಲೇ ಕುಸಿದು ಕೂತಳು. "ನಿನ್ನ ನೋಡಿ ಕಣ್ಣು ತಂಪಾದುವು. ಉಣ್ಣು, ಹೊಟ್ಟಿ ತುಂಬ ಉಣ್ಣು."

"ನಿಮಗೂ ಒಂದ್ ರೊಟ್ಟಿ ಹಾಕ್ತೀನಿ," ಅಂದಳು ನೀಲವ್ವ.

"ಮೊದಲ ಒಂದ್ ಫೋನ್ ಮಾಡ್ತೀನಿ ತಡಿ."

ನರಗುಂದದಲ್ಲಿ ಫೋನು ಎತ್ತಿದ ಲಾಲಬಿ 'ಹಲೋ' ಕೂಡ ಅನ್ನಲಿಲ್ಲ. ಅಡಿವೆವ್ವನೂ ಏನೂ ಹೇಳದೆ ಫೋನನ್ನು ಮಿಲ್ಡಾಳ ಬಾಯಿಗೆ ಹಿಡಿದಳು.

"ಅಮ್ಮೀ, ನಾನ್ರಿ."

ಆಚೆ ಕಡೆಯಿಂದ ಬಂದ ಅಳು ಇಡೀ ಅಡುಗೆಮನೆಗೆ ಕೇಳಿಸಿತು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೆಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಆಮೇಲೆ ನಡೆದದ್ದು ವಿಚಾರಣೆ ಅನ್ನುವುದಕ್ಕಿಂತ ಊಟ. ಅಡಿವೆವ್ವ ತುತ್ತಿಗೊಂದು ಪ್ರಶ್ನೆ ಕೇಳಿದಳು.

"ಈ ಹುಡುಗಿ ನಿನಗ ಎಲ್ಲೆ ಸಿಕ್ಳು?"

"ಎಲ್ಲೆ ಅಂದ್ರ? ಬಸ್ಸಿನ್ಯಾಗ್ರಿ. ರೋಣದಿಂದ ನಮ್ಮೂರಿಗಿ ಬರೂ ವಸ್ತಿ ಬಸ್ಸು. ಹಿಟ್ಟಿನ ಚೀಲ ತುಂಬಿಧಾಂಗ ತುಂಬಿತ್ತು. ಅರ್ಧ ಹಾದಿಗಿ ಕಂಡಕ್ಟರ್ ಬಂದು ಟಿಕೀಟ ಅಂದ. ಈಕಿ ಗಜೇಂದ್ರಗಡ್ರಿ ಅಂತಾಳ. ಕೈಯಾಗ ಚೀಲಿಲ್ಲ, ರೊಕ್ಕಿಲ್ಲ, ಫೋನಿಲ್ಲ. ಕಣ್ಣಾಗ ನೀರು. ನಾನ ಟಿಕೀಟ ತಗದ್ನಿ. ನಮ್ಮನಿಗಿ ಬಂದ ಮಗಳ ಬಿಡೋ ತಮ್ಮಾ ಅಂದ್ನಿ."

"ಸವಡಿ ಮುಟ್ಟಿದ ಕೂಡ್ಲೆ ಪೊಲೀಸರಿಗಿ ಫೋನ್ ಮಾಡಬೇಕೋ ಬ್ಯಾಡೋ?"

"ಮಾಡಿದ್ರ ನೀವ್ ಬರ್ತಿದ್ರಿ, ನಿಮ್ಮ ಹಿಂದ ಊರೆಲ್ಲಾ ಬರ್ತಿತ್ತು. ಹುಡುಗಿ ಉಣ್ಣೂದ್ಯಾವಾಗ, ಮಲಗೂದ್ಯಾವಾಗ? ಬಸ್ಸ ಇಲ್ಲೇ ವಸ್ತಿ ಇರ್ತೈತಿ, ಮುಂಜಾನಿ ಹೊಳ್ಳಿ ಹೋಗ್ತೈತಿ, ಈಗ ಉಂಡು ಅದರಾಗ ನಾನ ಕರ್ಕೊಂಡು ಹೋಗಾಕಿ ಇದ್ನಿ. ಮತ್ತ ಹೇಳಿ ಕಳಿಸೇನ್ರಿ ನಾ. ಸುಳ್ಳ ಅಲ್ಲ."

"ಯಾರ ಕೈಯಾಗ?"

"ಕಾಯಿಪಲ್ಯ ಟೆಂಪೋದ ಬಸ್ಯಾನ ಕೈಯಾಗ. ನಿನ್ನೆ ಸಂಜಿನ ನರಗುಂದಕ್ಕ ಹೊಂಟಿದ್ದ. ಮೌಲಾಸಾಬರ ಮನಿ ಅಂತ ಹುಡುಗಿ ಹೇಳಿದ್ಳು, ಫೋನ್ ನಂಬರ ನೆನಪಿಲ್ಲಂದ್ಳು. 'ನಿಮ್ಮ ಹುಡುಗಿ ಸವಡ್ಯಾಗ ನೀಲವ್ವನ ಮನ್ಯಾಗ ಆರಾಮದಾಳ, ಕಾಳಜಿ ಮಾಡಬ್ಯಾಡ್ರಿ' ಅಂತ ಹೇಳಿ ಬಾರೋ ಅಂದಿದ್ನಿ."

ಅಡಿವೆವ್ವನ ಕೈಯೊಳಗಿನ ತುತ್ತು ಬಾಯಿಗೆ ಹೋಗುವುದು ಒಂದು ಕ್ಷಣ ತಡವಾಯಿತು. ರಾತ್ರಿ ಮೌಲಾಸಾಬನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಲಾಲಬಿ ಪ್ರಾರ್ಥನೆಯ ಚಾಪೆ ಬಿಟ್ಟು ಎದ್ದಿರಲಿಲ್ಲ. ಈ ಬಸ್ಯಾ ಎಂಬ ಪುಣ್ಯಾತ್ಮ ಅಷ್ಟೊಂದು ಮಾತನ್ನು ಬದನೆಕಾಯಿಯ ಜೊತೆ ಮಾರಿಕೊಂಡು ಬಂದನೇನು? ಇವತ್ತು ಅವನ ಕಿವಿ ಹಿಂಡದೆ ಬಿಡಬಾರದು ಅಂದುಕೊಂಡಳು.

"ಅಂವಗ ಫೋನ್ ಹಚ್ಚು. ಮೌಲಾಸಾಬನ ಮನಿ ಮುಂದ ಬಂದು ನಿಂದರಾಕ ಹೇಳು," ಅಂದವಳು ಮತ್ತೆ ತಾಟು ಒಡ್ಡಿದಳು. "ನನಗೂ ಇನ್ನೊಂದ್ ಹಾಕು."

*

ಮೌಲಾಸಾಬನ ಮನೆಯ ಮುಂದೆ ನರಗುಂದವೇ ನೆರೆದಿತ್ತು. ಜೀಪಿನಿಂದ ಮಿಲ್ಡಾ ಇಳಿದಳೋ ಇಲ್ಲವೋ, ಮೌಲಾಸಾಬನ ಮಗಳು ನಾಜಮೀನ ಓಡಿ ಬಂದು ಆಕೆಯನ್ನು ಅಪ್ಪಿಕೊಂಡವಳು ಬಿಡಲೇ ಇಲ್ಲ. ಇಬ್ಬರದೂ ಒಂದೇ ವಯಸ್ಸು. ಮಿಲ್ಡಾ ಇಲ್ಲಿ ವರ್ಷ ಮುಗಿಸಿದರೆ ನಾಜಮೀನ ಆಕೆಯ ಊರಿಗೆ ಹೋಗಿ ವರ್ಷ ಓದುವುದೆಂದು ಮಾತಾಗಿತ್ತು.

ಲಾಲಬಿ ಉಪ್ಪು ಮೆಣಸಿನಕಾಯಿ ಹಿಡಿದು ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. "ಘಾಟ ಬರಲಿಲ್ಲ ನೋಡ್ರಿ ಅಕ್ಕಾರ! ಎಂಥಾ ನಜರ್ ಆಗಿತ್ತು ನನ್ನ ಕೂಸಿಗಿ," ಎಂದು ನಗುತ್ತ ಅತ್ತಳು.

ಎಂಥ ಗಟ್ಟಿ ಆಳು ಮೌಲಾಸಾಬ! ಪೇಟೆಯಲ್ಲಿ ಕಾಳಿನ ವ್ಯಾಪಾರ ಮಾಡುವವನು, ಬಾಯಿಬಿಟ್ಟರೆ ಎದುರಿನವನು ಬೆಲೆ ಇಳಿಸಬೇಕು. ಅಂಥವನು ಮಾತು ಬಾರದೆ ಮಿಲ್ಡಾಳ ತಲೆ ಸವರಿ, ಅಡಿವೆವ್ವನಿಗೆ ಕೈಮುಗಿದು ಗೋಡೆಗೆ ಮುಖ ಮಾಡಿಕೊಂಡ. ನಿನ್ನೆ ಆತ ವ್ಯಾಪಾರಕ್ಕೆಂದು ಗಜೇಂದ್ರಗಡದಲ್ಲೇ ಇದ್ದ, ಸುದ್ದಿ ಅಲ್ಲೇ ಸಿಕ್ಕು ಅಂಗಡಿ ಅಂಗಡಿ ಕೇಳಿಕೊಂಡು ತಿರುಗಿದ್ದನಂತೆ. ಅವನ ತಮ್ಮ ಸಲ್ಮಾನ ಕಾರು ತೆಗೆದುಕೊಂಡು ಅದೇ ಊರಿನಲ್ಲಿ ರಾತ್ರಿ ಕಳೆದು ಈಗಷ್ಟೇ ಬಂದಿದ್ದ, ಕಣ್ಣು ಕೆಂಡದಂತಿದ್ದವು.

ಪಡಸಾಲೆಯ ಒಂದೇ ಒಂದು ಮೂಲೆಯಲ್ಲಿ ಮಾತ್ರ ಸಂತೋಷ ಕಾಲಿಟ್ಟಿರಲಿಲ್ಲ. ಅಲ್ಲಿ ಶಶಿಕಾಂತ ಕೂತಿದ್ದ. ವಿದೇಶದ ಮಕ್ಕಳನ್ನು ಮನೆಗಳಿಗೆ ಹಚ್ಚಿಕೊಡುವ ಹುಬ್ಬಳ್ಳಿಯ ಸಂಸ್ಥೆಯವನು. ಮೊನ್ನೆಯಷ್ಟೇ ಈ ಮನೆಗೆ ಬಂದು ಮಿಲ್ಡಾಳ ಯೋಗಕ್ಷೇಮ ವಿಚಾರಿಸಿಕೊಂಡು ಹೋಗಿದ್ದ. ನಿನ್ನೆ ಸುದ್ದಿ ಮುಟ್ಟಿದ್ದೇ ತಡ, ಗಜೇಂದ್ರಗಡಕ್ಕೆ ಎಲ್ಲರಿಗಿಂತ ಲಗೂ ಬಂದು ಮುಟ್ಟಿದ್ದ. ಈಗ ಆತನ ಕಾರು ಬಾಗಿಲಿಗೆ ಮುಖ ಮಾಡಿ ನಿಂತಿತ್ತು.

"ಮೇಡಂ, ನಿಮಗ ಭಾಳ ಉಪಕಾರ ಆತು," ಅಂದ. "ಆದ್ರ ಹುಡುಗಿನ್ನ ನಾನು ಹುಬ್ಬಳ್ಳಿಗಿ ಕರ್ಕೊಂಡು ಹೊಂಟೀನಿ. ಅಲ್ಲಿಂದ ಅವರ ಊರಿಗಿ."

ಲಾಲಬಿಯ ಕೈಯೊಳಗಿನ ತಾಟು ತಟಕ್ಕನೆ ನೆಲ ಕಂಡಿತು.

"ಸಿಕ್ಕಾಳಲ್ರಿ ಸರ?" ಅಂದಳು ಅಡಿವೆವ್ವ.

"ಸಿಕ್ಕಾಳ. ಕಳಕೊಂಡವರ್ಯಾರು? ಹುಡುಗಿನ್ನ ಒಬ್ಬಾಕಿನ್ನ ಬಸ್ಸಿಗಿ ಬಿಟ್ಟವರ್ಯಾರು? ಚೀಲ ಗಜೇಂದ್ರಗಡದಾಗ, ಹುಡುಗಿ ಸವಡ್ಯಾಗ. ಇದು ಹ್ಯಾಂಗಾತು ಅಂತ ಮ್ಯಾಲಿನವರು ಕೇಳ್ತಾರ. ಯಾರೋ ಬೇಕಂತ ಒಯ್ದಿರಬೇಕು ಅಂತಾರ. ಆ ನೀಲವ್ವ ಯಾರು? ಆಕಿಗಿ ಏನ್ ಬೇಕಾಗಿತ್ತು?"

"ಆಕಿಗಿ ಹುಡುಗಿ ಇನ್ನೊಂದು ರೊಟ್ಟಿ ತಿನ್ನೂದು ಬೇಕಾಗಿತ್ತು," ಎಂದು ಅಡಿವೆವ್ವ ಚಾಪೆಯ ಮೇಲೆ ಕೂತಳು. ಇಂಥ ಮನುಷ್ಯನ ಮುಂದೆ ನಿಂತು ಮಾತಾಡಿದರೆ ಜಗಳ, ಕೂತು ಮಾತಾಡಿದರೆ ಪಂಚಾಯ್ತಿ ಎಂದು ಆಕೆಗೆ ಗೊತ್ತಿತ್ತು. "ಸರ, ನೀವು ಕಾರಿನ್ಯಾಗ ಅಡ್ಡಾಡವರು. ನಮ್ಮ ಕಡೆ ಬಸ್ಸಿಗಿ ಮೊದಲ ಹತ್ತೂದು ಯಾರು, ಹೇಳ್ರಿ?"

"ಯಾರು?"

"ಚೀಲ. ಕಿಟಕ್ಯಾಗಿಂದ ಚೀಲ ಒಗದು ಸೀಟ ಹಿಡೀತೀವಿ. ಟಾವೆಲ್ ಒಗೀತೀವಿ, ಏನೂ ಇಲ್ಲಂದ್ರ ಚಪ್ಲಿ ಒಗೀತೀವಿ. ಆಮ್ಯಾಲೆ ಬಾಗಲಕ್ಕ ಓಡಿ ಹೋಗಿ ಹತ್ತೂದು. ಈ ಹುಡುಗಿಗೂ ಅದನ್ನ ಕಲಿಸ್ಯಾರ. ಹೌದಿಲ್ಲೋ ಲಾಲಬಿ?"

"ನಾನ ಕಲಿಸೇನ್ರಿ," ಅಂದಳು ಲಾಲಬಿ, ತಪ್ಪು ಒಪ್ಪಿಕೊಳ್ಳುವವಳಂತೆ. "ಮತ್ತೇನ್ ಗಜೇಂದ್ರಗಡ ಮುಟ್ಟೂತನಾ ನಿಂತ ಹೋಗಬೇಕೇನು ಕೂಸು?"

ನೆರೆದ ಜನ ನಕ್ಕರು. ಶಶಿಕಾಂತ ನಗಲಿಲ್ಲ, ಆದರೆ ಕಾಲ ಮೇಲಿನ ಕಾಲು ಕೆಳಗಿಳಿಸಿದ.

ಅಡಿವೆವ್ವ ಬಿಡಿಸಿ ಹೇಳಿದಳು. ಗಜೇಂದ್ರಗಡದ ನೇಕಾರರ ಮನೆಯಲ್ಲಿ ಸೀರೆ ನೇಯುವುದನ್ನು ನೋಡಲು ಮಿಲ್ಡಾ ಹೊರಟಿದ್ದಳು. ಅಲ್ಲಿ ಇಳಿಸಿಕೊಳ್ಳಲು ನಾಜಮೀನಳ ಚಿಕ್ಕಮ್ಮ ಯಾಸ್ಮಿನ ಬರುವವಳಿದ್ದಳು. ರೋಣದಲ್ಲಿ ಕಂಪ್ಯೂಟರ್ ಕ್ಲಾಸಿದ್ದ ನಾಜಮೀನ ಆಕೆಯನ್ನು ಬಸ್ಸಿಗೆ ಬಿಡಲು ಬಂದಿದ್ದಳು. "ಗಜೇಂದ್ರಗಡದ ಬಸ್ಸು ಹತ್ತಿದ್ದನ್ನು ನನ್ನ ಕಣ್ಣಾರೆ ನೋಡಿದೆ" ಎಂದು ಆಕೆ ಹೇಳಿದ್ದಳು, ಚೀಲವೂ ಆ ಬಸ್ಸಿನ ಕಿಟಕಿಯ ಸೀಟಿನಲ್ಲೇ ಸಿಕ್ಕಿತ್ತು. ಅದಕ್ಕೇ ಎಲ್ಲರೂ ಗಜೇಂದ್ರಗಡದ ಬೆನ್ನು ಬಿದ್ದರು. ಮಿಲ್ಡಾ ಚೂಡಿದಾರ ತೊಟ್ಟು ತಲೆಯ ಮೇಲೆ ಓಡ್ನಿ ಹೊದ್ದದ್ದರಿಂದ ಆ ಗದ್ದಲದಲ್ಲಿ ಕಂಡಕ್ಟರನೂ ಆಣೆ ಮಾಡಿ ಹೇಳುವಂತಿರಲಿಲ್ಲ.

"ಇವತ್ತ್ ಮುಂಜಾನಿ ಆ ಕಂಡಕ್ಟರನ್ನ ಒಂದ ಮಾತು ಕೇಳಿದ್ನಿ. ರೋಣದಿಂದ ಯಾವ ಹೆಣ್ಮಗಳರ ರೊಕ್ಕ ಕೊಟ್ಟು ಟಿಕೀಟ ತಗದಾಳೇನೋ ಅಂತ. ಒಬ್ಬಾಕಿನೂ ಇಲ್ಲರಿ ಅಂದ. ಅಲ್ಲಿಗಿ ಮುಗೀತಲ್ರಿ! ನಮಗ ಹೆಂಗಸರಿಗಿ ಆಧಾರ ತೋರಿಸಿದ್ರ ಬಸ್ಸು ಪುಕ್ಕಟೆ. ಈ ಹುಡುಗಿಗಿ ಆಧಾರ ಎಲ್ಲಿಂದ ಬರಬೇಕು? ಹತ್ತಿದ್ರ ರೊಕ್ಕ ಕೊಡಬೇಕಿತ್ತು. ಕೊಟ್ಟಿಲ್ಲ ಅಂದ್ರ ಹತ್ತೇ ಇಲ್ಲ. ಹಾಂಗಾದ್ರ ಮಗ್ಗಲಕ್ಕ ನಿಂತಿದ್ದ ಬಸ್ಸು ಯಾವ್ದು? ಸವಡಿ ವಸ್ತಿ ಬಸ್ಸು. ಅದರ ಕಂಡಕ್ಟರನ ನನಗ ನೀಲವ್ವನ ಮನಿ ಹೇಳಿದ."

ಮೌಲಾಸಾಬ ಗೋಡೆ ಬಿಟ್ಟು ಈ ಕಡೆ ತಿರುಗಿದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಹಾಗಾಗಿತ್ತು ಎಲ್ಲರ ಸ್ಥಿತಿ. ರೋಣದ ಕಂಕುಳಲ್ಲೇ ಸವಡಿ ಇತ್ತು.

"ನಾಜಮೀನ ಕಣ್ಣಾರೆ ನೋಡೀನಿ ಅಂದಾಳಲ್ಲ?" ಅಂದ ಶಶಿಕಾಂತ.

"ಚೀಲ ಒಗದದ್ದು ನೋಡ್ಯಾಳ. ಹುಡುಗಿನೂ ಹತ್ತಿದ್ಳು ಅಂತ ತಿಳಕೊಂಡಾಳ. ಅಂಜಿದ ಕೂಸು. ನಾ ಇದ್ರೂ ಹಂಗ ಹೇಳ್ತಿದ್ನಿ."

ನಾಜಮೀನ ತಲೆ ತಗ್ಗಿಸಿಕೊಂಡು ಮಿಲ್ಡಾಳ ಕೈ ಹಿಡಿದು ಕೂತಿದ್ದಳು.

ಶಶಿಕಾಂತ ಮಿಲ್ಡಾಳನ್ನು ಇಂಗ್ಲಿಷಿನಲ್ಲಿ ವಿಚಾರಿಸಿದ. ಆಕೆ ಕೈಬಾಯಿ ತಿರುಗಿಸಿ ಎಲ್ಲ ಹೇಳಿದಳು. ಚೀಲ ಒಗೆದದ್ದು ಹೌದು, ಬಾಗಿಲಿಗೆ ಓಡಿದ್ದು ಹೌದು. ಎರಡು ಬಸ್ಸಿನ ನಡುವೆ ಜನವೋ ಜನ. ಯಾವ ಬಾಗಿಲು ಯಾವ ಬಸ್ಸಿನದೆಂದು ತಿಳಿಯದೆ ನಿಂತಾಗ ಯಾರೋ ಹಿಂದಿನಿಂದ ಬೆನ್ನಿಗೆ ಕೈಹಚ್ಚಿ ಮೇಲೆ ಹತ್ತಿಸಿದರು. ಮೆತ್ತಗಿನ ಕೈ. ಒಳ್ಳೆಯವರು ಯಾರೋ ಇರಬೇಕು, ಥ್ಯಾಂಕ್ಸ್ ಹೇಳಲು ತಿರುಗಿದರೆ ಕಾಣಲಿಲ್ಲ.

"ನಮ್ಮ ರೋಣದ ಬಸ್ ಸ್ಟ್ಯಾಂಡಿನ್ಯಾಗ ಬಸ್ಸು ನಾವು ಹತ್ತೂದಲ್ಲವ್ವ, ಮಂದಿನ ನಮ್ಮನ್ನ ಹತ್ತಸ್ತಾರ," ಎಂದು ಅಡಿವೆವ್ವ ನಕ್ಕಳು. ಆ ಕೈ ಯಾರದೆಂದು ಆಕೆ ಕೇಳಲಿಲ್ಲ. ಹುಡುಗಿ ಸಿಕ್ಕ ಸಂತೋಷದಲ್ಲಿ ಪೊಲೀಸರ ತಲೆಯೂ ಒಂದಿಷ್ಟು ರಜೆ ಹಾಕುತ್ತದೆ.

"ಸರ್, ನಾನು ಇಲ್ಲೇರಿ," ಅಂದಳು ಮಿಲ್ಡಾ, ಕನ್ನಡದಲ್ಲಿ. "ಇದು ಮನೀರಿ."

ಲಾಲಬಿ ಮುಖ ಮುಚ್ಚಿಕೊಂಡಳು. ಶಶಿಕಾಂತ ಅಂಗಳಕ್ಕೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ತಿರುಗಿ ಬಂದಾಗ ಮುಖದ ಗಂಟು ಸಡಿಲಾಗಿತ್ತು.

"ಆತು. ಇರಲಿ. ಆದ್ರ ಇದು ಬರೇ ಕೈತಪ್ಪು, ಮನಿಯವರದು ಯಾರದೂ ಇದರಾಗ ಕೈ ಇಲ್ಲ ಅಂತ ಮೇಡಂ ಬರದು ಸಹಿ ಮಾಡಿ ಕೊಡಬೇಕು. ಸಹಿ ಇತ್ತಂದ್ರ ಹುಡುಗಿ ಇಲ್ಲೇ ಇರ್ತಾಳ. ಇಲ್ಲಂದ್ರ ಈಗಿಂದೀಗ ನನ್ನ ಕಾರು ಹತ್ತಬೇಕು."

"ಒಂದಲ್ಲ, ಹತ್ತ್ ಸಹಿ ಮಾಡ್ತೀನಿ ತರ್ರಿ," ಅಂದಳು ಅಡಿವೆವ್ವ.

ಮನೆಯ ತುಂಬ ಉಸಿರು ಬಿಟ್ಟ ಸದ್ದು ಕೇಳಿಸಿತು. ಯಾರೋ ಚಹಾಕ್ಕಿಡಿ ಅಂದರು, ಯಾರೋ ಸಕ್ಕರೆ ತರಲು ಓಡಿದರು. ಲಾಲಬಿ ಅಡಿವೆವ್ವನ ಗಲ್ಲ ಹಿಡಿದು ಮುತ್ತಿಟ್ಟಳು. ಖಾಕಿ ತೊಟ್ಟ ಮೇಲೆ ತನಗೆ ಯಾರೂ ಹೀಗೆ ಮುತ್ತಿಟ್ಟ ನೆನಪಿಲ್ಲವಲ್ಲ ಎಂದು ಅಡಿವೆವ್ವನಿಗೆ ನಾಚಿಕೆಯಾಯಿತು, ಬಹಳ ಸುಖವೂ ಆಯಿತು.

*

ಹೊರಗೆ ಟೆಂಪೋ ಬಂದು ನಿಂತಿತು. ಕಿವಿ ಹಿಂಡುವುದೊಂದು ಬಾಕಿ ಇತ್ತಲ್ಲ, ಅಡಿವೆವ್ವ ತೋಳು ಏರಿಸಿಕೊಂಡೇ ಕಟ್ಟೆಗೆ ಬಂದಳು. ಬಸ್ಯಾ ಮೀಸೆ ಬಂದ ಗಂಡಸು, ಆದರೂ ಖಾಕಿ ಕಂಡು ಸ್ಟೇರಿಂಗಿನ ಹಿಂದೆಯೇ ಮುದುಡಿ ಕೂತ.

"ಇಳಿಯೋ ಕೆಳಗ! ನೀಲವ್ವ ನಿನ್ನ ಕೈಯಾಗ ಒಂದು ಮಾತು ಕೊಟ್ಟು ಕಳಿಸಿದ್ಳೋ ಇಲ್ಲೋ? ಅದನ್ನ ಎಲ್ಲೆ ಒಗದ್ಯೋ? ರಾತ್ರೆಲ್ಲಾ ಇಲ್ಲೆ ತಾಯಿ ಜೀವ ಹಾರಿಹೋಗೂದಿತ್ತು!"

"ಒಗದಿಲ್ಲರಿ ಅವ್ವಾರ. ಹೇಳೇನ್ರಿ."

"ಸುಳ್ಳ ಬ್ಯಾರೆ ಹೇಳ್ತಿ?"

"ನನ್ನ ಮಕ್ಕಳ ಆಣೀರಿ. ನಿನ್ನೆ ಸಂತಿಗಿ ಹೋಗೂದು ಬಿಟ್ಟು ಮೊದಲ ಇಲ್ಲೇ ಬಂದ್ನಿ. ಈ ಕಟ್ಟಿಮ್ಯಾಲ ಒಬ್ಬ ಹುಡುಗಿ ಕುಂತಿತ್ತು. ಹಿಂಗಿಂಗ, ಸವಡ್ಯಾಗ ನೀಲವ್ವನ ಮನ್ಯಾಗ ನಿಮ್ಮ ಹುಡುಗಿ ಆರಾಮದಾಳ ಅಂತ ಹೇಳಿದ್ನಿ. ಅಲ್ಲಾ ಅಂತ ಎದಿಮ್ಯಾಲೆ ಕೈ ಇಟ್ಕೊಂಡ್ತು. 'ಅಣ್ಣಾ, ಇನ್ನ ಯಾರ ಮುಂದೂ ಹೇಳಬ್ಯಾಡ. ನಮ್ಮ ಅಬ್ಬಾಗ ನಾನ ಹೇಳ್ತೀನಿ' ಅಂತು. ನೀರು ಕೊಡ್ತು, ಕುಡದು ಹೋದ್ನಿ."

ಅಡಿವೆವ್ವನ ತೋಳು ತಾನಾಗಿ ಕೆಳಗಿಳಿಯಿತು.

"ಯಾವ ಹುಡುಗಿ?"

ಬಸ್ಯಾ ತೆರೆದ ಬಾಗಿಲಿನತ್ತ ನೋಡಿ, ಬೆರಳು ಮಾಡಲು ಹೆದರಿ, ಗದ್ದ ಎತ್ತಿ ತೋರಿಸಿದ.

ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ನಾಜಮೀನ ಹೊರಗೆ ಬರುತ್ತಿದ್ದಳು. "ಮೌಶಿ, ಶಶಿಕಾಂತ ಸರ್ ಸಹಿ ಹಾಕಿಸ್ಕೊಂಡು ಬಾ ಅಂದಾರ್ರಿ" ಎನ್ನುತ್ತ ಬಂದವಳು ಬಸ್ಯಾನನ್ನು ಕಂಡು ಮೆಟ್ಟಿಲ ಮೇಲೇ ನಿಂತಳು.

ನಿನ್ನೆಯಿಂದ ಅಳುತ್ತಿದ್ದ ಈ ಕೂಸನ್ನು ಅಡಿವೆವ್ವನೇ ಎಷ್ಟು ಸಲ ಸಮಾಧಾನ ಮಾಡಿದ್ದಳು! ಅತ್ತದ್ದೂ ಸುಳ್ಳೇ? ಈಗ ಸಹಿ ಮಾಡಿದರೆ ತಾನು ಸುಳ್ಳು ಬರೆದಂತೆ, ಮಾಡದಿದ್ದರೆ ಮಿಲ್ಡಾಳನ್ನು ಕೈಯಾರೆ ಕಾರು ಹತ್ತಿಸಿ ಕಳಿಸಿದಂತೆ. ಆದರೂ ಆಕೆ ಪೆನ್ನಿಗಾಗಿ ಕೈಚಾಚಿದಳು.

"ಮೊದಲ ಸಹಿ ಮಾಡ್ತೀನಿ. ಆಮ್ಯಾಲೆ ನೀನೂ ನಾನೂ ಕುಂತು ಮಾತಾಡೂನು. ಕೊಡು ಇತ್ತ."

ನಾಜಮೀನ ಪೆನ್ನು ಕೊಡಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡಳು.

"ಸಹಿ ಮಾಡಬ್ಯಾಡ್ರಿ ಮೌಶಿ."

"ಏನಂದಿ?"

"ಅಕಿ ಬೆನ್ನಿಗಿ ಹಚ್ಚಿದ ಕೈ ನಂದ್ರಿ." ಆಕೆ ಕಣ್ಣು ಕೆಳಗಿಳಿಸಲಿಲ್ಲ. "ವಸ್ತಿ ಬಸ್ಸು ಮುಂಜಾನಿ ತಿರುಗಿ ಬರ್ತೈತಿ ಅಂತ ಗೊತ್ತಿತ್ತು. ಅಷ್ಟರಾಗ ಯಾರಿಗರೆ ಹೇಳೋ ಧೈರ್ಯ ಬರ್ತೈತಿ ಅಂದ್ಕೊಂಡಿದ್ನಿ. ಅಕಿ ಗಜೇಂದ್ರಗಡ ಮುಟ್ಟಬಾರದಿತ್ರಿ. ಯಾಸ್ಮಿನ ಚಿಕ್ಕಮ್ಮ ಬರೂಕಿಂತ ಮೊದಲ ಅಲ್ಲೆ ಒಬ್ಬಾಂವ ಅಕಿನ್ನ ಒಯ್ಯಾಕ ಕಾಯ್ಕೋತ ನಿಂತಿದ್ದ. ಮೊನ್ನೆ ನಮ್ಮ ಮನಿ ಹಿತ್ತಲದಾಗ ಅಂವಾ ಫೋನಿನ್ಯಾಗ ಮಾತಾಡಿದ್ದು ನಾ ಕೇಳೇನ್ರಿ. ಅಕಿ ಎಲ್ಲೆ ಅದಾಳ ಅಂತ ಅಂವಗ ತಿಳೀಬಾರದಂತನ ಈ ಅಣ್ಣನ ಮಾತು ಯಾರಿಗೂ ಹೇಳಲಿಲ್ರಿ."

"ಯಾರವ್ವಾ ಅಂವಾ?"

ನಾಜಮೀನ ಹೆಸರು ಹೇಳಲು ಬಾಯಿ ತೆರೆದಳು. ಹೆಸರು ಬರಲಿಲ್ಲ, ಅಳು ಬಂತು. ಓಡ್ನಿಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಪಡಸಾಲೆಯತ್ತ ತಿರುಗಿದಳು.

"ಒಳಗ ಚಾ ಕುಡ್ಯಾಕ ಹತ್ಯಾನ್ರಿ."

ಅಡಿವೆವ್ವ ಒಳಗೆ ನೋಡಿದಳು. ನೆರೆಹೊರೆಯವರೆಲ್ಲ ಹಿತ್ತಲ ಬಾಗಿಲಿಂದ ಮನೆಗೆ ಹೋಗಿ ಆಗಿತ್ತು. ಚಾಪೆಯ ಮೇಲೆ ಉಳಿದವರು ಮೂವರು, ಮೌಲಾಸಾಬ, ಸಲ್ಮಾನ, ಶಶಿಕಾಂತ. ಮೂವರ ಕೈಯಲ್ಲೂ ಲೋಟಗಳಿದ್ದವು. ಅವರ ನಡುವೆ ಮಿಲ್ಡಾ ಚಹಾದ ಕೆಟಲು ಹಿಡಿದು, ಮನೆಮಗಳ ಹಾಗೆ ಬಗ್ಗಿ ಕೇಳುತ್ತಿದ್ದಳು.

"ಇನ್ನೊಂದ್ ಹಾಕ್ಲೇನ್ರಿ?"

ಅವರಲ್ಲೊಬ್ಬ ನಗುತ್ತ ಲೋಟ ಮುಂದೆ ಚಾಚಿದ. ನಾಜಮೀನ ಅಡಿವೆವ್ವನ ತೋಳು ಗಪ್ಪನೆ ಹಿಡಿದಳು, ಉಗುರುಗಳು ಖಾಕಿಯೊಳಗೆ ಇಳಿದವು.